ಪ್ರೋಟೋಕಾಲ್ ಎಂದರೇನು? ಗಣಕಜಾಲಗಳ ಸಂವಹನ ನಿಯಮಾವಳಿಗೆ ಒಂದು ಪರಿಚಯ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯು ನೊಳಂಬರ ಕಾಲದ ಕಲ್ಲೇಶ್ವರ ದೇವಾಲಯಕ್ಕೂ ಹೊಯ್ಸಳ ಶೈಲಿಯ ಚನ್ನಕೇಶವ ದೇವಾಲಯಕ್ಕೂ ಹೆಸರಾದ ಗ್ರಾಮ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಇತರ ಊರುಗಳಂತೆ ಇಲ್ಲಿಯೂ ತೆಂಗೇ ಜೀವನಾಧಾರ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಎಪಿಎಂಸಿ ಪ್ರಾಂಗಣ ಸೇರುತ್ತದೆ. ವರ್ಷದ ದುಡಿಮೆಯ ಫಲ ನಿರ್ಧಾರವಾಗುವುದು ಅಲ್ಲಿಯೇ.

ಆದರೆ ಆ ನಿರ್ಧಾರ ಈಗ ಹರಾಜಿನ ಕೂಗಿನಿಂದ ಆಗುವುದಿಲ್ಲ. ರಾಜ್ಯ ಸರ್ಕಾರವು 2014ರಲ್ಲಿ ಆರಂಭಿಸಿದ ಏಕೀಕೃತ ಮಾರುಕಟ್ಟೆ ವೇದಿಕೆಯಡಿ ರಾಜ್ಯದ ಎಪಿಎಂಸಿಗಳು ಒಂದೊಂದಾಗಿ ವಿದ್ಯುನ್ಮಾನ ವಹಿವಾಟಿಗೆ ತೆರೆದುಕೊಂಡವು. ರೈತನು ತಂದ ಮಾಲಿಗೆ ಲಾಟ್ ಸಂಖ್ಯೆ ದೊರೆಯುತ್ತದೆ. ವರ್ತಕರು ಗಣಕದ ಮೂಲಕ ತಮ್ಮ ದರ ನಮೂದಿಸುತ್ತಾರೆ. ನಿಗದಿತ ಸಮಯ ಮುಗಿದ ಬಳಿಕ ಅತಿ ಹೆಚ್ಚು ದರ ಕೂಗಿದವರ ಹೆಸರು ಪ್ರಕಟವಾಗುತ್ತದೆ. ದರ ಒಪ್ಪಿಗೆಯಾಗದಿದ್ದರೆ ಮಾರಾಟ ನಿರಾಕರಿಸುವ ಹಕ್ಕು ರೈತನಿಗಿದೆ.

ಹೀಗೆ ನಮೂದಾದ ಒಂದು ಅಂಕಿಯು ಸರ್ವರ್ ತಲುಪುವ ಮುನ್ನ ವರ್ತಕರ ಗಣಕ, ಅಂಗಡಿಯ ವೈ-ಫೈ ಪೆಟ್ಟಿಗೆ, ನೆಲದಡಿಯ ದ್ಯುತಿತಂತು, ಹಲವು ರೌಟರ್‌ಗಳನ್ನು ದಾಟಬೇಕು. ಇವುಗಳನ್ನು ತಯಾರಿಸಿದ ಕಂಪನಿಗಳು ಬೇರೆ, ದೇಶಗಳು ಬೇರೆ, ಮಾಲೀಕರು ಬೇರೆ. ಪರಸ್ಪರ ಪರಿಚಯವೇ ಇಲ್ಲದ ಈ ಯಂತ್ರಗಳು ಒಂದರ ಮಾತನ್ನು ಇನ್ನೊಂದು ಅರಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವೇ ಪ್ರೋಟೋಕಾಲ್, ಅರ್ಥಾತ್ ಸಂವಹನ ನಿಯಮಾವಳಿ. ಸರ್ಕಾರಿ ಕಚೇರಿಯಲ್ಲಾಗಲಿ, ಪಡಿತರ ಅಂಗಡಿಯಲ್ಲಾಗಲಿ 'ಸರ್ವರ್ ಇಲ್ಲ' ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಮರಳಿದವರೆಲ್ಲರೂ ಈ ನಿಯಮಾವಳಿಗಳ ಬಗ್ಗೆ ತುಸುವಾದರೂ ತಿಳಿದಿರುವುದು ಒಳಿತು.

ರೈಲು ಹಳಿ ಕಲಿಸುವ ಪಾಠ

ನಿಯಮಾವಳಿ ಗಣಕಗಳೊಂದಿಗೆ ಹುಟ್ಟಿದ್ದಲ್ಲ. ಅರಳಗುಪ್ಪೆಯಲ್ಲಿ ರೈಲು ನಿಲ್ದಾಣವಿದೆ. ಬೆಂಗಳೂರು–ಅರಸೀಕೆರೆ ಮಾರ್ಗ ಇಲ್ಲಿಂದಲೇ ಹಾದುಹೋಗುತ್ತದೆ. ಏಕಮಾರ್ಗದ ಕಾಲದಲ್ಲಿ ಭಾರತೀಯ ರೈಲ್ವೆಯ ಇಂತಹ ಹಳಿಗಳ ಮೇಲೆ ಎದುರುಬದುರಾಗಿ ಗಾಡಿಗಳು ಬಾರದಂತೆ ಕಾಯ್ದದ್ದು ಒಂದು ಕಟ್ಟುನಿಟ್ಟಾದ ಕ್ರಮ. ಒಂದು ನಿಲ್ದಾಣದ ಮಾಸ್ತರರು ಮುಂದಿನ ನಿಲ್ದಾಣವನ್ನು 'ಲೈನ್ ಕ್ಲಿಯರ್' ಕೇಳಬೇಕು. ಅಲ್ಲಿಂದ ಒಪ್ಪಿಗೆ ಬರಬೇಕು. ಆಗ ಮಾತ್ರ ಯಂತ್ರದಿಂದ ಟೋಕನ್ ಹೊರಬರುತ್ತದೆ. ಆ ಟೋಕನ್ ಚಾಲಕನ ಕೈಸೇರಿದ ಬಳಿಕವೇ ಗಾಡಿ ಹೊರಡುತ್ತದೆ. ಒಂದು ಟೋಕನ್ ಹೊರಗಿರುವಷ್ಟು ಕಾಲ ಎರಡೂ ನಿಲ್ದಾಣಗಳ ಯಂತ್ರಗಳು ಮತ್ತೊಂದನ್ನು ಕೊಡುವುದಿಲ್ಲ.

ಯಾವುದೇ ನಿಯಮಾವಳಿಯ ಮೂರು ಅಂಗಗಳು ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದು ರೂಪ: ಸಂದೇಶ ಹೇಗಿರಬೇಕು. ಎರಡನೆಯದು ಅರ್ಥ: ಆ ಸಂದೇಶ ಬಂದಾಗ ಏನು ಮಾಡಬೇಕು. ಮೂರನೆಯದು ಸಮಯ: ಯಾರು ಯಾವಾಗ ಮಾತನಾಡಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು. ಗಣಕಜಾಲದ ಪ್ರತಿಯೊಂದು ಪ್ರೋಟೋಕಾಲ್ ಈ ಮೂರನ್ನೂ ಬರವಣಿಗೆಯಲ್ಲಿ ನಿಖರವಾಗಿ ಹೇಳಿರುತ್ತದೆ.

1980ರ ದಶಕದಲ್ಲಿ ಐಬಿಎಂ ಪ್ರಚಾರಕ್ಕೆ ತಂದ ಒಂದು ಜಾಲದ ಹೆಸರೇ 'ಟೋಕನ್ ರಿಂಗ್' ಎಂಬುದು ಗಮನಾರ್ಹ. ಗಣಕದಿಂದ ಗಣಕಕ್ಕೆ ಸುತ್ತುವ ಟೋಕನ್ ಯಾರ ಬಳಿ ಇದೆಯೋ ಅವರಷ್ಟೇ ಮಾತನಾಡಬಹುದಿತ್ತು. ಇದಕ್ಕೆ ಪ್ರತಿಯಾಗಿ, 1973ರಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಈಥರ್‌ನೆಟ್ ಬೇರೆ ಹಾದಿ ಹಿಡಿಯಿತು: ಮೊದಲು ಆಲಿಸು, ತಂತಿ ಮೌನವಾಗಿದ್ದರೆ ಮಾತನಾಡು, ಇಬ್ಬರ ಮಾತು ಡಿಕ್ಕಿಯಾದರೆ ಇಬ್ಬರೂ ನಿಲ್ಲಿಸಿ ಬೇರೆ ಬೇರೆ ಅವಧಿ ಕಾದು ಮರಳಿ ಯತ್ನಿಸಿರಿ. ಅಗ್ಗವೂ ಸರಳವೂ ಆದ ಈ ಎರಡನೆಯ ಪದ್ಧತಿಯೇ ಗೆದ್ದಿತು. ಮನೆಮನೆಯ ವೈ-ಫೈ ಈಗಲೂ 'ಮೊದಲು ಆಲಿಸು' ತತ್ವವನ್ನೇ ಪಾಲಿಸುತ್ತದೆ.

ಪದರಗಳ ವ್ಯವಸ್ಥೆ

ಕೊಬ್ಬರಿ ಚೀಲ ತಿಪಟೂರಿನಿಂದ ಉತ್ತರ ಭಾರತಕ್ಕೆ ಸಾಗುವಾಗ ಲಾರಿ ಚಾಲಕನಿಗೆ ಚೀಲದೊಳಗಿನ ಮಾಲಿನ ದರ್ಜೆ ತಿಳಿದಿರಬೇಕಿಲ್ಲ. ವಿಳಾಸ ತಿಳಿದರೆ ಸಾಕು. ರಸ್ತೆ ಹಾಕಿದವನಿಗೆ ಲಾರಿಯ ವಿಳಾಸವೂ ಬೇಕಿಲ್ಲ. ಅವರವರ ಕೆಲಸ ಅವರವರಿಗೆ. ಗಣಕಜಾಲವೂ ಹೀಗೆಯೇ ಪದರ ಪದರವಾಗಿ ರಚಿತವಾಗಿದೆ. ಮೇಲಿನ ಪದರ ಕೆಳಗಿನದರಿಂದ ಸೇವೆ ಪಡೆಯುತ್ತದೆ; ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಗೊಡವೆಗೆ ಹೋಗುವುದಿಲ್ಲ.

ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು 1984ರಲ್ಲಿ ಪ್ರಕಟಿಸಿದ ಓಎಸ್‌ಐ ಮಾದರಿಯಲ್ಲಿ ಏಳು ಪದರಗಳಿವೆ. ಪಠ್ಯಪುಸ್ತಕಗಳಲ್ಲಿ ಈಗಲೂ ಇದೇ ಮಾದರಿಯನ್ನು ಬೋಧಿಸಲಾಗುತ್ತದೆ. ಬಳಕೆಯಲ್ಲಿರುವ ಅಂತರ್ಜಾಲವನ್ನು ನಾಲ್ಕು ಪದರಗಳಲ್ಲಿ ಅರ್ಥೈಸಿಕೊಳ್ಳಬಹುದು.

* ಕೊಂಡಿ ಪದರ: ಪಕ್ಕದ ಯಂತ್ರಕ್ಕೆ ತಲುಪಿಸುವ ಕೆಲಸ. ಈಥರ್‌ನೆಟ್, ವೈ-ಫೈ, ಮೊಬೈಲ್ ಜಾಲ, ದ್ಯುತಿತಂತು ಇದರ ವ್ಯಾಪ್ತಿಗೆ ಬರುತ್ತವೆ.
* ಅಂತರ್ಜಾಲ ಪದರ: ಜಾಲದಿಂದ ಜಾಲಕ್ಕೆ ದಾಟಿಸುತ್ತ ಕೊನೆಯ ವಿಳಾಸ ಮುಟ್ಟಿಸುವ ಕೆಲಸ. ಇಲ್ಲಿನ ನಿಯಮಾವಳಿ ಐಪಿ.
* ಸಾಗಣೆ ಪದರ: ಮಾಹಿತಿ ಪೂರ್ಣವಾಗಿ, ಕ್ರಮವಾಗಿ ತಲುಪಿತೇ ಎಂದು ನೋಡಿಕೊಳ್ಳುವ ಕೆಲಸ. ಟಿಸಿಪಿ, ಯುಡಿಪಿ ಇಲ್ಲಿವೆ.
* ಅನ್ವಯ ಪದರ: ಬಳಕೆದಾರರಿಗೆ ಬೇಕಾದ ಸೇವೆ. ಜಾಲತಾಣಕ್ಕೆ ಎಚ್‌ಟಿಟಿಪಿ, ಮಿಂಚಂಚೆಗೆ ಎಸ್‌ಎಂಟಿಪಿ, ಹೆಸರು ಹುಡುಕಲು ಡಿಎನ್‌ಎಸ್.

ಒಂದು ಬಿಡ್‌ನ ಪಯಣ

ವರ್ತಕರೊಬ್ಬರು ಒಂದು ಲಾಟ್‌ಗೆ ದರ ನಮೂದಿಸಿ ಗುಂಡಿ ಒತ್ತಿದರು ಎಂದಿಟ್ಟುಕೊಳ್ಳೋಣ. ಮುಂದೆ ನಡೆಯುವುದು ಸ್ಥೂಲವಾಗಿ ಹೀಗೆ.

ಮೊದಲಿಗೆ ಜಾಲತಾಣದ ಹೆಸರನ್ನು ಸಂಖ್ಯಾ ವಿಳಾಸವನ್ನಾಗಿ ಬದಲಿಸಬೇಕು. ಅದು ಡಿಎನ್‌ಎಸ್‌ನ ಕೆಲಸ. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ ಈ ವ್ಯವಸ್ಥೆಯನ್ನು ಅಂತರ್ಜಾಲದ ದೂರವಾಣಿ ಕೈಪಿಡಿ ಎನ್ನಬಹುದು. ವ್ಯತ್ಯಾಸವೆಂದರೆ ಇಡೀ ಕೈಪಿಡಿ ಒಂದೇ ಕಡೆ ಇರುವುದಿಲ್ಲ. ಅದರ ಪುಟಗಳು ಜಗತ್ತಿನ ಅಸಂಖ್ಯ ಸರ್ವರ್‌ಗಳಲ್ಲಿ ಹಂಚಿಹೋಗಿವೆ.

ವಿಳಾಸ ಸಿಕ್ಕ ಬಳಿಕ ಟಿಸಿಪಿ ಸಂಪರ್ಕ ಏರ್ಪಡುತ್ತದೆ. ಇದಕ್ಕೆ ಮೂರು ಸಂದೇಶಗಳು ಬೇಕು. ಗಣಕವು 'ಮಾತನಾಡಬಹುದೇ' ಎನ್ನುತ್ತದೆ. ಸರ್ವರ್ 'ಆಗಬಹುದು, ನನ್ನ ಮಾತು ಕೇಳಿಸುತ್ತಿದೆಯೇ' ಎನ್ನುತ್ತದೆ. ಗಣಕವು 'ಕೇಳಿಸುತ್ತಿದೆ' ಎಂದು ಉತ್ತರಿಸುತ್ತದೆ. 'ಲೈನ್ ಕ್ಲಿಯರ್' ಕೇಳಿ ಪಡೆದಂತೆಯೇ ಇದು.

ಮೂರನೆಯದಾಗಿ ಗೋಪ್ಯತೆ. ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ತಿಳಿಯುವುದು ಇಬ್ಬರಿಗೆ ಮಾತ್ರ. ಜಾಲದಲ್ಲಿ ಟಿಎಲ್‌ಎಸ್ ಎಂಬ ನಿಯಮಾವಳಿ ಈ ಟವೆಲಿನ ಕೆಲಸ ಮಾಡುತ್ತದೆ. ಅದರ ಈಗಿನ 1.3ನೇ ಆವೃತ್ತಿ 2018ರಲ್ಲಿ ಬಂದಿತು. ಎದುರಿಗಿರುವುದು ನಿಜವಾದ ಸರ್ವರ್ ಹೌದೇ ಎಂದು ಪ್ರಮಾಣಪತ್ರದ ಮೂಲಕ ಪರೀಕ್ಷಿಸುವುದೂ ಇದರ ಹೊಣೆ. ಜಾಲತಾಣದ ವಿಳಾಸ ಎಚ್‌ಟಿಟಿಪಿಎಸ್ ಎಂದು ಆರಂಭವಾಗಿದ್ದರೆ ಟವೆಲ್ ಹಾಸಿದೆ ಎಂದರ್ಥ.

ಆನಂತರ ದರದ ಸಂದೇಶ ಎಚ್‌ಟಿಟಿಪಿ ರೂಪದಲ್ಲಿ ಸಿದ್ಧವಾಗುತ್ತದೆ. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ ರೂಪಿಸಿದ ಈ ನಿಯಮಾವಳಿಯ ಸಾರ ಇಷ್ಟೆ: ಒಂದು ಕೋರಿಕೆ, ಒಂದು ಉತ್ತರ. ಸಂದೇಶವು ಪ್ಯಾಕೆಟ್‌ಗಳಾಗಿ ವಿಂಗಡಣೆಯಾಗಿ, ಪ್ರತಿಯೊಂದರ ಮೇಲೂ ಕಳುಹಿಸಿದವರ ಹಾಗೂ ತಲುಪಬೇಕಾದವರ ಐಪಿ ವಿಳಾಸ ನಮೂದಾಗುತ್ತದೆ. ರೌಟರ್‌ಗಳು ವಿಳಾಸ ನೋಡಿ ಮುಂದಿನ ದಾರಿ ತೋರುತ್ತವೆ. ಒಂದೇ ಸಂದೇಶದ ಎರಡು ಪ್ಯಾಕೆಟ್‌ಗಳು ಬೇರೆ ಬೇರೆ ದಾರಿ ಹಿಡಿಯಬಹುದು, ಹಿಂದುಮುಂದಾಗಿ ತಲುಪಬಹುದು, ನಡುವೆ ಕಳೆದುಹೋಗಲೂಬಹುದು. ಐಪಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಕ್ರಮಸಂಖ್ಯೆ ನೋಡಿ ಮರುಜೋಡಿಸುವುದು, ಸ್ವೀಕೃತಿ ಬಾರದ್ದನ್ನು ಮರಳಿ ಕಳುಹಿಸುವುದು ಟಿಸಿಪಿಯ ಕರ್ತವ್ಯ.

ಆದರೆ ಟಿಸಿಪಿಗೂ ಮಿತಿಯಿದೆ. ಅದು ಸಂದೇಶವನ್ನು ತಲುಪಿಸಲು ಸತತವಾಗಿ ಯತ್ನಿಸುತ್ತದೆ. ಇಂತಿಷ್ಟು ಹೊತ್ತಿಗೇ ತಲುಪಿಸುತ್ತೇನೆ ಎನ್ನುವುದಿಲ್ಲ. ಸಮಯ ನಿಗದಿಯಾದ ಟೆಂಡರಿನಲ್ಲಿ ಲೆಕ್ಕಕ್ಕೆ ಬರುವುದು ಗುಂಡಿ ಒತ್ತಿದ ಗಳಿಗೆಯಲ್ಲ, ಸಂದೇಶ ಸರ್ವರ್ ಮುಟ್ಟಿದ ಗಳಿಗೆ. ಸರ್ವರ್‌ಗಳ ಗಡಿಯಾರಗಳನ್ನು ಸರಿಹೊಂದಿಸಲು ಡೇವಿಡ್ ಮಿಲ್ಸ್ 1985ರಲ್ಲಿ ಪ್ರಕಟಿಸಿದ ಎನ್‌ಟಿಪಿ ಎಂಬ ಮತ್ತೊಂದು ನಿಯಮಾವಳಿಯೇ ಇದೆ. ಕೊನೆಯ ಗಳಿಗೆಯಲ್ಲಿ ಜಾಲ ನಿಧಾನವಾಗಿ ಒಂದು ಉತ್ತಮ ಬಿಡ್ ತಡವಾದರೆ ಅದರ ನಷ್ಟ ವರ್ತಕನಿಗಿಂತ ಹೆಚ್ಚಾಗಿ ರೈತನಿಗೆ.

ಉತ್ತರ ಬಾರದಿದ್ದರೆ?

ಸಂವಹನದಲ್ಲಿ ಅತಿ ಕಠಿಣವಾದ ಸಮಸ್ಯೆ ಇದು. ಸ್ವೀಕೃತಿ ಬರಲಿಲ್ಲವೆಂದರೆ ಸಂದೇಶವೇ ಕಳೆದುಹೋಗಿರಬಹುದು. ಇಲ್ಲವೇ ಸಂದೇಶ ತಲುಪಿ, ಮರಳಿ ಬರುತ್ತಿದ್ದ ಸ್ವೀಕೃತಿ ಕಳೆದುಹೋಗಿರಬಹುದು. ಕಳುಹಿಸಿದವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಯಾವ ನಿಯಮಾವಳಿಯೂ ಈ ಅನಿಶ್ಚಯವನ್ನು ಸಂಪೂರ್ಣವಾಗಿ ನಿವಾರಿಸಲಾರದು ಎಂಬುದು ಗಣಕ ವಿಜ್ಞಾನದಲ್ಲಿ ಸಾಧಿತವಾದ ಸಂಗತಿ.

2016ರಲ್ಲಿ ಆರಂಭವಾದ ಯುಪಿಐ ಬಳಸುವವರಿಗೆ ಇದರ ಅನುಭವವಿದೆ. ಖಾತೆಯಿಂದ ಹಣ ಕಡಿತವಾಗಿರುತ್ತದೆ, ಅಂಗಡಿಯವರಿಗೆ ತಲುಪಿರುವುದಿಲ್ಲ. ತೆರೆಯ ಮೇಲೆ 'ಬಾಕಿ ಇದೆ' ಎಂದಷ್ಟೇ ಕಾಣುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಪ್ರತಿ ವಹಿವಾಟಿಗೂ ಬೇರೊಂದಕ್ಕೆ ಇರದ ಗುರುತು ಸಂಖ್ಯೆ. ಅದೇ ಸಂಖ್ಯೆಯ ಸಂದೇಶ ಎರಡನೆಯ ಬಾರಿ ಬಂದರೆ ಸರ್ವರ್ ಅದನ್ನು ಹೊಸ ವಹಿವಾಟೆಂದು ಎಣಿಸುವುದಿಲ್ಲ. ಆದಕಾರಣ ಗೊಂದಲವಾದಾಗ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಬದಲು ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು ಸ್ಥಿತಿ ಪರಿಶೀಲಿಸುವುದು ಸೂಕ್ತ.

'ಎಲ್', 'ಓ' ಇಂದ ಆರಂಭ

ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ರವಾನೆಯಾದದ್ದು 1969ರ ಅಕ್ಟೋಬರ್ 29ರಂದು, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ. 'ಲಾಗಿನ್' ಎಂದು ಟೈಪಿಸಲು ತೊಡಗಿ ಎಲ್, ಓ ಎಂಬ ಎರಡು ಅಕ್ಷರ ದಾಟುವಷ್ಟರಲ್ಲಿ ಆಚೆಯ ಗಣಕ ಸ್ಥಗಿತಗೊಂಡಿತು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಪ್ರಬಂಧ ಭಿನ್ನ ಜಾಲಗಳನ್ನು ಬೆಸೆಯುವ ಮಾರ್ಗ ತೋರಿತು. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ನಿಯಮಾವಳಿಯನ್ನು ಕೈಬಿಟ್ಟು ಟಿಸಿಪಿ/ಐಪಿಗೆ ಬದಲಾಯಿತು.

ಎಲ್ಲವೂ ಸುಗಮವಾಗಿರಲಿಲ್ಲ. 1986ರಲ್ಲಿ ಬರ್ಕ್ಲಿಯಲ್ಲಿ ಕೆಲವೇ ನೂರು ಗಜ ಅಂತರದ ಎರಡು ಕೇಂದ್ರಗಳ ನಡುವೆ ಸೆಕೆಂಡಿಗೆ 32,000 ಬಿಟ್ ಸಾಗಿಸಬೇಕಿದ್ದ ಸಂಪರ್ಕ 40 ಬಿಟ್‌ಗೆ ಕುಸಿಯಿತು. ದಟ್ಟಣೆಯಿಂದ ಪ್ಯಾಕೆಟ್ ಕಳೆದಂತೆಲ್ಲ ಗಣಕಗಳು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದವು. ಪ್ಯಾಕೆಟ್ ಕಳೆದರೆ ವೇಗ ತಗ್ಗಿಸು, ದಾರಿ ತೆರವಾದಂತೆ ನಿಧಾನವಾಗಿ ಏರಿಸು ಎಂಬ ಸೂತ್ರವನ್ನು ವ್ಯಾನ್ ಜೇಕಬ್ಸನ್ 1988ರಲ್ಲಿ ಮುಂದಿಟ್ಟರು. ಕೋಟ್ಯಂತರ ಜನ ಒಂದೇ ಜಾಲ ಬಳಸಲು ಸಾಧ್ಯವಾಗಿರುವುದರ ಹಿಂದೆ ಈ ಸಂಯಮದ ಸೂತ್ರವಿದೆ.

ವಿಳಾಸಗಳ ಕೊರತೆ ಮತ್ತೊಂದು ಸಮಸ್ಯೆ. ಐಪಿಯ ನಾಲ್ಕನೇ ಆವೃತ್ತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿಯಿತು. 128 ಬಿಟ್ ವಿಳಾಸಗಳ ಆರನೇ ಆವೃತ್ತಿಯನ್ನು ಅಳವಡಿಸಿಕೊಂಡ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿದೆ.

ಬೆಂಗಳೂರಿನಿಂದ ಗ್ರಾಮ ಪಂಚಾಯಿತಿಗೆ

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆ ದಿನಗಳಲ್ಲಿ ಓಎಸ್‌ಐ ಗೆಲ್ಲುವುದೋ ಟಿಸಿಪಿ/ಐಪಿ ಗೆಲ್ಲುವುದೋ ಎಂಬುದು ಖಚಿತವಿರಲಿಲ್ಲ. ಅರ್ನೆಟ್ ಎರಡನ್ನೂ ಹೊತ್ತು ಸಾಗಿತು. 1995ರ ಹೊತ್ತಿಗೆ ಟಿಸಿಪಿ/ಐಪಿಯೇ ಉಳಿಯಿತು. ಅದೇ ವರ್ಷ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭಿಸಿತು.

ಗ್ರಾಮ ಪಂಚಾಯಿತಿಗಳಿಗೆ ದ್ಯುತಿತಂತು ಒಯ್ಯುವ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಗೆ ಕೇಂದ್ರ ಸಂಪುಟ 2011ರಲ್ಲಿ ಒಪ್ಪಿಗೆ ನೀಡಿತು. ಅದರ ಮೊದಲ ಹಂತದಲ್ಲಿ ಬಳಸಿದ ಜಿಪಾನ್ ತಂತ್ರದಲ್ಲಿ ಒಂದೇ ತಂತು ಕವಲೊಡೆದು ಹಲವು ಪಂಚಾಯಿತಿಗಳನ್ನು ತಲುಪುತ್ತದೆ. ಎಲ್ಲರೂ ಏಕಕಾಲಕ್ಕೆ ಮಾತನಾಡಿದರೆ ಸಂಕೇತಗಳು ಡಿಕ್ಕಿಯಾಗುತ್ತವೆ. ಆದುದರಿಂದ ತಾಲ್ಲೂಕು ಕೇಂದ್ರದ ಉಪಕರಣವು ಪ್ರತಿ ಪಂಚಾಯಿತಿಗೂ ಸರದಿ ಹಂಚುತ್ತದೆ. ರೈಲು ಹಳಿಯ ಟೋಕನ್‌ಗೆ ಇದು ದೂರದ ನೆಂಟ.

ಕನ್ನಡದ ಅಕ್ಷರಗಳೂ ಒಂದು ಒಪ್ಪಂದ

ಪ್ಯಾಕೆಟ್ ಸರಿಯಾಗಿ ತಲುಪಿದರೂ ಒಳಗಿನ ಅಕ್ಷರಗಳ ಬಗ್ಗೆ ಒಮ್ಮತ ಇರದಿದ್ದರೆ ಸಂವಹನ ವ್ಯರ್ಥ. 2000ದ ದಶಕದಲ್ಲಿ ಕನ್ನಡ ಜಾಲತಾಣಗಳ ಓದುಗರು ಇದನ್ನು ಚೆನ್ನಾಗಿ ಬಲ್ಲರು. ಒಂದೊಂದು ತಾಣಕ್ಕೂ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕಿತ್ತು. ಇಲ್ಲವಾದಲ್ಲಿ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು. ಬರಹ, ನುಡಿ ತಂತ್ರಾಂಶಗಳಲ್ಲಿ ಬರೆದದ್ದು ಬೇರೆಡೆ ಹಾಗೆಯೇ ತೆರೆದುಕೊಳ್ಳುತ್ತಿರಲಿಲ್ಲ. ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ನೀಡುವ ಯುನಿಕೋಡ್ ಬಳಕೆ ಹರಡಿದ ಬಳಿಕವೇ ಈ ತೊಂದರೆ ನೀಗಿತು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತು, ಸ್ವರಚಿಹ್ನೆಗಳೆಲ್ಲ ಸೇರಿ ಒಂಬತ್ತು ಸಂಕೇತಗಳಿರುವ 'ಅರಳಗುಪ್ಪೆ' ಎಂಬ ಹೆಸರು ಜಾಲದಲ್ಲಿ 27 ಬೈಟ್‌ಗಳಾಗಿ ಸಾಗುತ್ತದೆ.

'ಸರ್ವರ್ ಇಲ್ಲ' ಎಂದರೆ ಏನಿಲ್ಲ?

ಪದರಗಳ ಜ್ಞಾನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ರಸ್ತೆ ಅಗೆತದಲ್ಲಿ ತಂತು ತುಂಡಾದರೆ ಅದು ಕೊಂಡಿ ಪದರದ ದೋಷ. ಸರ್ವರ್‌ಗೆ ಏನೂ ಆಗಿರುವುದಿಲ್ಲ. ಅಕ್ಕಪಕ್ಕದ ಕಚೇರಿಗಳಲ್ಲೂ ಸಂಪರ್ಕ ಹೋಗಿರುತ್ತದೆ.

2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಸ್ಥಗಿತಗೊಂಡವು. ಆಗ ಹಾದಿ ತಪ್ಪಿದ್ದು ಬಿಜಿಪಿ, ಅಂದರೆ ತನ್ನನ್ನು ತಲುಪುವ ದಾರಿ ಯಾವುದೆಂದು ಒಂದು ಜಾಲ ಇತರ ಜಾಲಗಳಿಗೆ ಸಾರುವ ನಿಯಮಾವಳಿ. ನಿರ್ವಹಣೆಯ ವೇಳೆ ನೀಡಿದ ಒಂದು ತಪ್ಪು ಆದೇಶದಿಂದ ಕಂಪನಿಯ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯ ಪ್ರಕಟಣೆಯೇ ನಿಂತುಹೋಯಿತು. ಮನೆಗಳಿದ್ದವು, ದಾರಿಫಲಕ ಇರಲಿಲ್ಲ.

2025ರ ಆರಂಭದಲ್ಲಿ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಅಸ್ತವ್ಯಸ್ತಗೊಂಡದ್ದು ಮತ್ತೊಂದು ಬಗೆ. ಅಲ್ಲಿ ನಡೆದದ್ದು ಸುಳ್ಳು ಕೋರಿಕೆಗಳ ಮಹಾಪೂರ ಹರಿಸುವ ಡಿಡಾಸ್ ದಾಳಿ. ಇಂತಹ ದಾಳಿಯಲ್ಲಿ ತಂತಿ ಸರಿಯಿರುತ್ತದೆ, ವಿಳಾಸ ಸರಿಯಿರುತ್ತದೆ. ಆದರೆ ಸರ್ವರ್‌ನ ಬಾಗಿಲಲ್ಲಿ ಸುಳ್ಳು ಗಿರಾಕಿಗಳು ತುಂಬಿ ನಿಜವಾದವರಿಗೆ ಸರದಿ ಸಿಗುವುದಿಲ್ಲ.

ಮೂರು ಪ್ರಕರಣಗಳಲ್ಲೂ ಕಾದು ನಿಂತವರಿಗೆ ಕೇಳಿಬರುವುದು 'ಸರ್ವರ್ ಇಲ್ಲ' ಎಂಬ ಒಂದೇ ಮಾತು. ಆದರೆ ದೋಷದ ಸ್ಥಳ ಬೇರೆ, ಹೊಣೆಗಾರರು ಬೇರೆ, ಪರಿಹಾರವೂ ಬೇರೆ. ಬೇರೆ ಜಾಲತಾಣಗಳು ತೆರೆಯುತ್ತಿವೆಯೇ? ಅದೇ ತಾಣ ಬೇರೆ ಕಂಪನಿಯ ಮೊಬೈಲ್‌ನಲ್ಲಿ ತೆರೆಯುತ್ತದೆಯೇ? ಬೇರೆ ಊರಿನಲ್ಲಿ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ದೋಷ ಯಾವ ಪದರದ್ದೆಂದು ಬಹುಮಟ್ಟಿಗೆ ಊಹಿಸಬಹುದು. ದೂರು ನೀಡುವಾಗ ದಿನ, ಗಂಟೆ, ತೆರೆಯ ಮೇಲೆ ಕಂಡ ದೋಷಸಂಖ್ಯೆ ಬರೆದರೆ ಅದಕ್ಕೆ ತೂಕವೂ ಬರುತ್ತದೆ. ದೋಷಸಂಖ್ಯೆ 404 ಎಂದಿದ್ದರೆ ಸರ್ವರ್ ಇದೆ, ಕೇಳಿದ ಪುಟವಿಲ್ಲ. 503 ಎಂದಿದ್ದರೆ ಅದು ಸದ್ಯಕ್ಕೆ ಸೇವೆ ನೀಡುವ ಸ್ಥಿತಿಯಲ್ಲಿಲ್ಲ.

ಅಂತರ್ಜಾಲದ ಮೂಲ ನಿಯಮಾವಳಿಗಳು ಯಾವುದೇ ಒಂದು ಕಂಪನಿಯ ಸೊತ್ತಲ್ಲ. ಆರ್‌ಎಫ್‌ಸಿ ಎಂಬ ಹೆಸರಿನ ದಾಖಲೆಗಳಲ್ಲಿ 1969ರಿಂದಲೂ ಪ್ರಕಟವಾಗುತ್ತಿರುವ ಇವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ಬಳಸಬಹುದು. ತಿಪಟೂರಿನ ವರ್ತಕನ ಗಣಕವೂ ಎಲ್ಲೋ ಇರುವ ಸರ್ವರ್ ಕೂಡ ಒಂದೇ ಕಟ್ಟಳೆಗೆ ತಲೆಬಾಗುತ್ತವೆ. ಆ ಕಟ್ಟಳೆಯಲ್ಲಿ ಉತ್ತರ ನೀಡುವುದು ಕೇಳಿಸಿಕೊಂಡವನ ಹೊಣೆ. ಕೊಬ್ಬರಿ ಚೀಲದೊಂದಿಗೆ ಪ್ರಾಂಗಣದಲ್ಲಿ ಕಾದು ಕುಳಿತ ರೈತನಿಗೂ ಅಂತಹುದೇ ಸ್ಪಷ್ಟ ಉತ್ತರ ದೊರೆಯಬೇಕು.